ಹಳೆಯ ಗಾರ್ಡನ್ ಟ್ರ್ಯಾಕ್ಟರ್: ಮೊದಲು ಡೆಕ್ ನೋಡಿ, ಆಮೇಲೆ ಎಂಜಿನ್

ಹಳೆಯ ಗಾರ್ಡನ್ ಟ್ರ್ಯಾಕ್ಟರ್, ಅಂದರೆ ಮೇಲೆ ಕೂತು ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರ್, ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸುತ್ತಾರೆ. ಆ ಒಂದೇ ಸಿಲಿಂಡರಿನ ಡುಬುಡುಬು ಸದ್ದು ಕೇಳಿದ ಕೂಡಲೇ ಮನಸ್ಸು ಅರ್ಧ ಒಪ್ಪಿಬಿಡುತ್ತದೆ. ನಾನೂ ಮೊದಲ ಎರಡು ಗಾಡಿಗಳನ್ನು ಹಾಗೇ ಕೊಂಡೆ. ಎರಡರಲ್ಲೂ ಎಂಜಿನ್ ಚೆನ್ನಾಗಿತ್ತು. ಎರಡರಲ್ಲೂ ಡೆಕ್, ಅಂದರೆ ಗಾಡಿಯ ಅಡಿಯಲ್ಲಿ ಹುಲ್ಲು ಕತ್ತರಿಸುವ ಬ್ಲೇಡುಗಳನ್ನು ಹೊತ್ತ ಭಾಗ, ಸತ್ತಿತ್ತು. ಈಗ ಯಾವ ಗಾಡಿ ನೋಡಲು ಹೋದರೂ ಮೊದಲು ನೆಲಕ್ಕೆ ಬಗ್ಗುತ್ತೇನೆ.

ಕಾರಣ ಸರಳ. 1960 ಮತ್ತು 70ರ ದಶಕದ ಅಮೆರಿಕನ್ ಗಾರ್ಡನ್ ಟ್ರ್ಯಾಕ್ಟರ್‌ಗಳ ಎಂಜಿನ್ ಬಹುಪಾಲು ಎರಕದ ಕಬ್ಬಿಣದ್ದು. ಗೇರ್‌ಬಾಕ್ಸ್ ದಪ್ಪ. ಚಾಸಿ ಗಟ್ಟಿ. ಇವು ಐವತ್ತು ವರ್ಷ ಬಾಳಿವೆ, ಇನ್ನೂ ಬಾಳುತ್ತವೆ. ಡೆಕ್ ಮಾತ್ರ ಬೇರೆ ಜಾತಿ. ಅದು ತಗಡಿನ ಮಗುಚಿದ ಬೋಗುಣಿ. ಒಳಗೆ ಹಸಿ ಹುಲ್ಲು ಮೆತ್ತಿಕೊಳ್ಳುತ್ತದೆ, ಕಲ್ಲು ಬಡಿಯುತ್ತದೆ, ತೇವ ತಿಂಗಳುಗಟ್ಟಲೆ ನಿಲ್ಲುತ್ತದೆ. ಗಾಡಿಯ ಉಳಿದ ಭಾಗಕ್ಕಿಂತ ಡೆಕ್ಕಿಗೆ ವಯಸ್ಸು ಬೇಗ ಆಗುತ್ತದೆ. ಗಾಡಿಯನ್ನು ಹುಲ್ಲು ಕತ್ತರಿಸಲು ಬಳಸುವುದಾದರೆ, ನೀವು ಆರಿಸಬೇಕಾದ್ದು ಡೆಕ್. ಟ್ರ್ಯಾಕ್ಟರ್ ಅದನ್ನು ಹೊತ್ತು ತಿರುಗುವ ಗಾಡಿ, ಅಷ್ಟೆ.

ಕೆಳಗೆ ಬರೆದಿರುವುದೆಲ್ಲ ಈ ಒಂದು ದೃಷ್ಟಿಯಿಂದ ನೋಡಿದ್ದು.

ಹತ್ತು ನಿಮಿಷದ ಪರೀಕ್ಷೆ

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ದೂರ ಇಡಿ. ಈ ಅಭ್ಯಾಸ ಯಾವತ್ತೂ ಬಿಡಬೇಡಿ. ಡೆಕ್ಕಿನ ಮೇಲಿನ ಬೆಲ್ಟ್ ಸಡಿಲ ಮಾಡಿ. ಈಗ ಕೈಗವಸು ಹಾಕಿಕೊಂಡು ಒಂದು ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿ. ಬ್ಲೇಡ್ ತಿರುಗುವ ಅಚ್ಚಿಗೆ ಸ್ಪಿಂಡಲ್ ಅನ್ನುತ್ತಾರೆ. ಚೆನ್ನಾಗಿರುವ ಸ್ಪಿಂಡಲ್‌ನಲ್ಲಿ ತುದಿ ಅಲುಗಿದ್ದು ಬೆರಳಿಗೆ ಗೊತ್ತೇ ಆಗುವುದಿಲ್ಲ. ಟಕ್ ಟಕ್ ಎಂದು ಸದ್ದು ಬಂದರೆ ಬೇರಿಂಗ್ ಸವೆದಿದೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸ್ಪಿಂಡಲ್ ಹೌಸಿಂಗ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ, ಮೇಲಿನ ಪುಲ್ಲಿಯನ್ನು ನಿಧಾನ ತಿರುಗಿಸಿ. ಒಳ್ಳೆಯ ಬೇರಿಂಗ್ ಮೌನವಾಗಿ ಜಾರುತ್ತದೆ. ಕೆಟ್ಟದ್ದು ಮರಳು ಅಗಿದ ಹಾಗೆ ಕರಕರ ಅನ್ನುತ್ತದೆ. ಒಮ್ಮೆ ಕೇಳಿದರೆ ಸಾಕು, ಆ ಸದ್ದು ಮರೆಯುವುದಿಲ್ಲ.

ಆಮೇಲೆ ಸಣ್ಣ ಸುತ್ತಿಗೆ ತೆಗೆದುಕೊಳ್ಳಿ. ಡೆಕ್ಕಿನ ಮೇಲ್ಭಾಗವನ್ನು, ಅದರಲ್ಲೂ ಸ್ಪಿಂಡಲ್ ಕೂರುವ ಜಾಗದ ಸುತ್ತ, ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಕೊಳೆತದ್ದು ಬೊದ್ ಅನ್ನುತ್ತದೆ. ಹೊಸ ಬಣ್ಣ ಬಳಿದು ಮಿಂಚುವ ಡೆಕ್ ಕಂಡರೆ ನನಗೆ ಅನುಮಾನ ಜಾಸ್ತಿ. ಒಳಗೆ ಹುಳುಕು ಹೊರಗೆ ತಳುಕು ಅನ್ನುತ್ತಾರಲ್ಲ, ಡೆಕ್ಕಿನ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ. ಅಡಿಯಲ್ಲಿ ಮೆತ್ತಿದ ಒಣ ಹುಲ್ಲನ್ನು ಕೆರೆದು ತೆಗೆಯದೆ ಯಾವ ತೀರ್ಮಾನಕ್ಕೂ ಬರಬೇಡಿ.

ಕೊಳೆತ ಡೆಕ್‌ಗೆ ಮೂರು ದಾರಿ

ತೂತು ಬಿದ್ದ ಡೆಕ್ ಕೈಗೆ ಬಂದರೆ ಮೂರು ದಾರಿಗಳಿವೆ: ತೇಪೆ ಹಾಕಿ ವೆಲ್ಡ್ ಮಾಡುವುದು, ಅದೇ ಮಾದರಿಯ ಬೇರೆ ಹಳೆ ಡೆಕ್ ಹುಡುಕುವುದು, ಬೇರೆ ಗಾಡಿಯ ಡೆಕ್ ತಂದು ಜೋಡಿಸುವುದು.

ಎಲ್ಲಿ ಕೊಳೆತಿದೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. ಅಂಚಿನಲ್ಲಿ, ಹುಲ್ಲು ಹೊರಬೀಳುವ ಬಾಯಿಯ ಹತ್ತಿರ, ಗೋಡೆಯಲ್ಲಿ ತೂತಿದ್ದರೆ ಕಣ್ಣು ಮುಚ್ಚಿ ತೇಪೆ ಹಾಕಿ. ಸ್ಪಿಂಡಲ್ ಬೋಲ್ಟ್ ಕೂರುವ ಜಾಗ ಕೊಳೆತಿದ್ದರೆ ಅಥವಾ ಅಲ್ಲಿ ಬಿರುಕು ಇದ್ದರೆ ನಾನು ಎರಡನೇ ದಾರಿ ಹಿಡಿಯುತ್ತೇನೆ. ಅಲ್ಲಿ ತಗಡು ಒಂದು ಕೂದಲಷ್ಟು ವಾಲಿದರೂ ಬ್ಲೇಡ್ ವಾಲುತ್ತದೆ. ಅದು ಹುಲ್ಲಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ತೇಪೆ ಹಾಕುವುದಾದರೆ ಕೆಲವು ಮಾತು. ತೂತಿನಷ್ಟೇ ಕತ್ತರಿಸಬೇಡಿ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ. ತೆಳು ತಗಡಿನ ಮೇಲೆ ವೆಲ್ಡ್ ನಿಲ್ಲುವುದಿಲ್ಲ, ಅಂಚು ಕರಗಿ ತೂತು ದೊಡ್ಡದಾಗುತ್ತಾ ಹೋಗುತ್ತದೆ. ತೇಪೆಗೆ 12 ಅಥವಾ 14 ಗೇಜಿನ ತಗಡು ಸಾಕು. ಒಂದೇ ಗೆರೆ ಎಳೆದ ಹಾಗೆ ವೆಲ್ಡ್ ಮಾಡಬೇಡಿ. ಇಲ್ಲೊಂದು ಇಂಚು, ಎದುರು ಬದಿಯಲ್ಲಿ ಒಂದು ಇಂಚು, ತಣ್ಣಗಾಗಲು ಬಿಟ್ಟು ಮತ್ತೊಂದು. ಹಾಗೆ ಮಾಡದಿದ್ದರೆ ಡೆಕ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹಳೆಯ, ಹೇಗೂ ಬಿಸಾಡಲಿರುವ ಸ್ಪಿಂಡಲ್‌ಗಳನ್ನು ಬೋಲ್ಟ್ ಹಾಕಿ ಬಿಗಿದೇ ವೆಲ್ಡ್ ಮಾಡಿ. ಅವು ತಗಡನ್ನು ಅದರ ಜಾಗದಲ್ಲಿ ಹಿಡಿದಿಡುತ್ತವೆ. ಹೊಸ ಬೇರಿಂಗ್ ಹಾಕಿದ ಸ್ಪಿಂಡಲ್ ಇಟ್ಟು ವೆಲ್ಡ್ ಮಾಡಲೇಬೇಡಿ. ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದರೆ ಅವುಗಳ ಮೈಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಿಡಿಸಿ. ಡೆಕ್ ಗಾಡಿಯ ಮೇಲೇ ಇದ್ದರೆ ಬ್ಯಾಟರಿ ಬಿಚ್ಚಿಡಿ. ಬಿಚ್ಚಿ ಕೆಳಗಿಳಿಸಿ ಮಾಡುವುದೇ ಒಳ್ಳೆಯದು, ಆದರೆ 48 ಇಂಚಿನ ಹಳೆ ಡೆಕ್ ಒಬ್ಬರೇ ಎತ್ತುವ ವಸ್ತುವಲ್ಲ.

ಮೂರನೇ ದಾರಿ, ಅಂದರೆ ಬೇರೆ ಗಾಡಿಯ ಡೆಕ್ ಜೋಡಿಸುವುದು, ಕೇಳಲು ಸುಲಭ. ಬ್ರಾಕೆಟ್ ಮಾಡಿಕೊಂಡರೆ ಆಯ್ತು ಅಲ್ವಾ ಅನ್ನಿಸುತ್ತದೆ. ಕಷ್ಟ ಇರುವುದು ಬೆಲ್ಟಿನ ದಾರಿಯಲ್ಲಿ. ಎಂಜಿನ್ ಪುಲ್ಲಿ, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ನಡುವಿನ ಐಡ್ಲರ್, ಡೆಕ್ಕಿನ ಪುಲ್ಲಿ ಇವು ಒಂದೇ ಮಟ್ಟದಲ್ಲಿ ಸಾಲಾಗಿ ಇರಬೇಕು. ಡೆಕ್ ಎತ್ತಿದಾಗಲೂ ಇಳಿಸಿದಾಗಲೂ ಹಾಗೇ ಇರಬೇಕು. ಇಲ್ಲದಿದ್ದರೆ ಬೆಲ್ಟ್ ಮಗುಚಿಕೊಳ್ಳುತ್ತದೆ, ಇಲ್ಲವೇ ಹಾರಿಹೋಗುತ್ತದೆ. ಬ್ಲೇಡ್ ತಿರುಗುವ ದಿಕ್ಕನ್ನೂ ನೋಡಬೇಕು. ಎಂಜಿನ್ ಅಡ್ಡಕ್ಕೆ ಕೂತಿದೆಯೋ ಉದ್ದಕ್ಕೆ ಕೂತಿದೆಯೋ ಎಂಬುದರ ಮೇಲೆ ಬೆಲ್ಟ್ ತಿರುವುವ ರೀತಿಯೇ ಬದಲಾಗುತ್ತದೆ. ದಿಕ್ಕು ತಪ್ಪಿದರೆ ಬ್ಲೇಡಿನ ಹರಿತವಿಲ್ಲದ ಬದಿ ಹುಲ್ಲಿಗೆ ಬಡಿಯುತ್ತದೆ. ಇನ್ನು 10 ಎಚ್‌ಪಿ ಗಾಡಿಗೆ 54 ಇಂಚಿನ ಡೆಕ್ ಕಟ್ಟಿದರೆ ಮೂಗಿಗಿಂತ ಮೂಗುತಿ ಭಾರ. ನನ್ನ ಲೆಕ್ಕದಲ್ಲಿ 10ರಿಂದ 12 ಎಚ್‌ಪಿಗೆ 42 ಇಂಚು, 14ರಿಂದ 16ಕ್ಕೆ 48 ಇಂಚು. ದಟ್ಟ ಹುಲ್ಲು ಇರುವವರು ಇದಕ್ಕಿಂತ ಚಿಕ್ಕದನ್ನೇ ಆರಿಸಿ.

ಸ್ಪಿಂಡಲ್: ಬೇರಿಂಗ್ ಮಾತ್ರವೋ, ಪೂರ್ತಿಯೋ?

ಹಳೆಯ ಡೆಕ್‌ಗಳಲ್ಲಿ ಎರಡು ತರಹದ ಬೇರಿಂಗ್ ಕಾಣುತ್ತೀರಿ. ಕೆಲವದರಲ್ಲಿ ಕೋನಾಕಾರದ ಟೇಪರ್ ರೋಲರ್ ಬೇರಿಂಗ್, ಹಲವದರಲ್ಲಿ ಗುಂಡಿನ ಬಾಲ್ ಬೇರಿಂಗ್.

ನನಗೆ ಟೇಪರ್ ರೋಲರ್ ಇಷ್ಟ. ಗ್ರೀಸ್ ತುಂಬುತ್ತಾ ಇದ್ದರೆ ಅವು ತಲೆಮಾರು ದಾಟುತ್ತವೆ. ಸ್ವಲ್ಪ ಸಡಿಲವಾದರೆ ನಟ್ಟು ಬಿಗಿದು ಸರಿಮಾಡಬಹುದು. ಆದರೆ ಆ ಬಿಗಿತ ಕೈಗೆ ಗೊತ್ತಿರಬೇಕು. ಜಾಸ್ತಿ ಬಿಗಿದರೆ ಬಿಸಿಯಾಗಿ ಸುಡುತ್ತವೆ, ಕಡಿಮೆಯಾದರೆ ಅಲುಗುತ್ತವೆ. ಬಾಲ್ ಬೇರಿಂಗ್‌ಗೆ ಆ ತೊಂದರೆ ಇಲ್ಲ. ಹಳೆಯದು ಹೊಡೆದು ತೆಗೆದು ಹೊಸದು ಒತ್ತಿದರೆ ಮುಗಿಯಿತು. ಅವುಗಳ ಅಳತೆ ಜಗತ್ತಿನಾದ್ಯಂತ ಒಂದೇ. 6203 ಅಂದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿಲಿಮೀಟರ್. 6204 ಅಂದರೆ 20, 47, 14. 6205 ಅಂದರೆ 25, 52, 15. ಬೇರಿಂಗಿನ ಅಂಚಿನಲ್ಲಿ ಕೊರೆದಿರುವ ಈ ನಂಬರ್ ಓದಿಕೊಂಡು ಹೋದರೆ ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಟ್ರ್ಯಾಕ್ಟರ್ ಕಂಪನಿಯ ಡಬ್ಬಿಯಲ್ಲೇ ಬರಬೇಕೆಂದೇನೂ ಇಲ್ಲ. ಆದರೆ ಕೆಲವು ಅಮೆರಿಕನ್ ಡೆಕ್‌ಗಳಲ್ಲಿ ಹೊರವ್ಯಾಸ ಮಿಲಿಮೀಟರಿನದು, ಶಾಫ್ಟ್ ಮಾತ್ರ ಇಂಚಿನದು. ಅಂಥಲ್ಲಿ ಕ್ಯಾಲಿಪರ್ ಹಿಡಿದು ಎರಡೂ ಅಳೆಯಿರಿ.

ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗ್ ಹಾಕಿ, ಆಮೇಲೆ ಹೌಸಿಂಗಿನ ನಿಪ್ಪಲ್‌ನಿಂದ ಗ್ರೀಸ್ ಒತ್ತುವವರನ್ನು ನೋಡಿದ್ದೇನೆ. ಆ ಗ್ರೀಸ್ ಬೇರಿಂಗ್ ಒಳಗೆ ಹೋಗುವುದೇ ಇಲ್ಲ. ಗ್ರೀಸ್ ಬೇಕೆಂದರೆ ಹೌಸಿಂಗಿನ ಒಳಮುಖದ ಸೀಲನ್ನು ಸಣ್ಣ ಚೂಪಾದ ಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ, ಹೊರಮುಖದ್ದು ಇರಲಿ. ಒತ್ತುವಾಗಲೂ ನಿಧಾನ. ಗ್ರೀಸ್ ಗನ್ ಜೋರಾಗಿ ಒತ್ತಿದರೆ ಹೊರಗಿನ ಸೀಲ್ ಕಿತ್ತು ಬರುತ್ತದೆ.

ಬೇರಿಂಗ್ ಮಾತ್ರ ಬದಲಿಸುವುದೋ, ಪೂರ್ತಿ ಸ್ಪಿಂಡಲ್ ಕೊಳ್ಳುವುದೋ? ಶಾಫ್ಟಿನ ಮೇಲೆ ಬೇರಿಂಗ್ ಕೂರುವ ಜಾಗ ನಯವಾಗಿ, ಅಳತೆಗೆ ಸರಿಯಾಗಿ ಇದ್ದರೆ ಬೇರಿಂಗ್ ಸಾಕು. ಅಲ್ಲಿ ಗೀರುಗಳಿದ್ದು ಹೊಸ ಬೇರಿಂಗ್ ಕೈಯಲ್ಲೇ ಜಾರಿ ಕೂರುತ್ತಿದ್ದರೆ ಶಾಫ್ಟ್ ಹೋಗಿದೆ. ಹೌಸಿಂಗಿನ ತೂತು ಅಗಲವಾಗಿದ್ದರೆ ಹೌಸಿಂಗ್ ಹೋಗಿದೆ. ಅಂಟು ದ್ರಾವಣ ಹಾಕಿ ಕೂರಿಸಿದರೆ ಒಂದು ಹಂಗಾಮು ನಡೆಯಬಹುದು. ಅಗ್ಗದ ಪೂರ್ತಿ ಸ್ಪಿಂಡಲ್ ತರಿಸಿಕೊಂಡು ನಾನು ಒಮ್ಮೆ ನೋವು ತಿಂದಿದ್ದೇನೆ. ನೋಡಲು ಹೊಸದು, ಒಳಗಿನ ಬೇರಿಂಗ್ ಮಳೆಗಾಲ ಮುಗಿಯುವುದರೊಳಗೆ ಕೂಗತೊಡಗಿತು. ಅದೇ ಸ್ಪಿಂಡಲ್‌ಗೆ ಒಳ್ಳೆಯ ಬೇರಿಂಗ್ ಒತ್ತಿದೆ. ಈಗ ಸುಖವಾಗಿದೆ. ಹಾಗಾಗಿ ಅಗ್ಗದ್ದು ಕೊಂಡರೂ ಬೇರಿಂಗ್ ಬದಲಿಸಿಯೇ ಹಾಕಿ.

ಪುಲ್ಲಿ, ಬ್ಲೇಡ್ ಬದಲಿಸುವ ಮುನ್ನ

ಈ ಭಾಗವನ್ನು ದಯವಿಟ್ಟು ಓದದೆ ಬಿಡಬೇಡಿ. ಬ್ಲೇಡ್ ಇನ್ನೂ ವೇಗವಾಗಿ ತಿರುಗಿದರೆ ಹುಲ್ಲು ಚೆನ್ನಾಗಿ ಕತ್ತರಿಸುತ್ತದೆ ಎಂದು ಸ್ಪಿಂಡಲ್‌ಗೆ ಸಣ್ಣ ಪುಲ್ಲಿ ಹಾಕುವವರು ಬಹಳ ಮಂದಿ ಇದ್ದಾರೆ. ಅಮೆರಿಕದ ಸುರಕ್ಷತಾ ಮಾನದಂಡದಲ್ಲಿ ಬ್ಲೇಡ್ ತುದಿಯ ವೇಗಕ್ಕೆ ಮಿತಿ ಇದೆ: ನಿಮಿಷಕ್ಕೆ 19,000 ಅಡಿ. ಅಂದರೆ ಸೆಕೆಂಡಿಗೆ ಸುಮಾರು 96 ಮೀಟರ್. ಆ ವೇಗದಲ್ಲಿ ಸಿಕ್ಕಿದ ಕಲ್ಲು ಏನು ಮಾಡಬಲ್ಲದು ಎಂದು ಯೋಚಿಸಿ.

ಲೆಕ್ಕ ಹೀಗಿದೆ. 16 ಇಂಚಿನ ಬ್ಲೇಡ್ ಆ ಮಿತಿ ಮುಟ್ಟುವುದು ಸುಮಾರು 4,500 ಆರ್‌ಪಿಎಂನಲ್ಲಿ. 18 ಇಂಚಿನದು 4,000ದ ಹತ್ತಿರ. 21 ಇಂಚಿನದು 3,450ರಲ್ಲೇ ಮುಟ್ಟುತ್ತದೆ. ಈಗ ಎಂಜಿನ್ 3,600 ಆರ್‌ಪಿಎಂನಲ್ಲಿ ಓಡುತ್ತಿದೆ ಅನ್ನಿ. ಎಂಜಿನ್ ಪುಲ್ಲಿ ನಾಲ್ಕೂವರೆ ಇಂಚು, ಸ್ಪಿಂಡಲ್ ಪುಲ್ಲಿ ಐದು ಇಂಚು. ಬ್ಲೇಡ್ 3,240 ಆರ್‌ಪಿಎಂನಲ್ಲಿ ತಿರುಗುತ್ತದೆ. 18 ಇಂಚಿನ ಬ್ಲೇಡ್‌ಗೆ ಇದು ಸುರಕ್ಷಿತ. ಸ್ಪಿಂಡಲ್ ಪುಲ್ಲಿಯನ್ನು ನಾಲ್ಕು ಇಂಚಿಗೆ ಇಳಿಸಿದಿರೋ, 4,050 ಆಯಿತು. ಮಿತಿ ದಾಟಿತು. ಒಂದೇ ಒಂದು ಇಂಚಿನ ವ್ಯತ್ಯಾಸ ನೋಡಿ. ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಎಳೆದು ವೇಗ ಹೆಚ್ಚಿಸುವುದಂತೂ ಬೇಡವೇ ಬೇಡ. ಬ್ಲೇಡ್, ಫ್ಲೈವೀಲ್, ಕನೆಕ್ಟಿಂಗ್ ರಾಡ್ ಮೂರನ್ನೂ ಒಟ್ಟಿಗೆ ಅಪಾಯಕ್ಕೆ ಒಡ್ಡಿದ ಹಾಗೆ.

ಕತ್ತರಿಸುವ ಗುಣಮಟ್ಟ ಬೇಕಾದರೆ ಮೊದಲು ಬ್ಲೇಡ್ ಹರಿತ ಮಾಡಿ. ಮೂಲ ಕೋನ ಬಿಡದೆ, ಸುಮಾರು 30 ಡಿಗ್ರಿಯಲ್ಲಿ. ಗೋಡೆಗೆ ಹೊಡೆದ ಮೊಳೆಗೆ ನಡುವಿನ ತೂತು ಸಿಕ್ಕಿಸಿ ತೂಗುಹಾಕಿ. ಯಾವ ಬದಿ ಕೆಳಗೆ ಜಾರುತ್ತದೋ ಆ ಬದಿಯನ್ನು ಇನ್ನಷ್ಟು ಉಜ್ಜಿ. ಸಮತೂಕ ಇಲ್ಲದ ಬ್ಲೇಡೇ ಸ್ಪಿಂಡಲ್ ಬೇರಿಂಗ್‌ನ ದೊಡ್ಡ ಶತ್ರು. ಬಾಗಿದ ಬ್ಲೇಡನ್ನು ಬಡಿದು ನೆಟ್ಟಗೆ ಮಾಡಬೇಡಿ. ಬಿರುಕಿಗೆ ವೆಲ್ಡ್ ಮಾಡಬೇಡಿ. ಎರಡಕ್ಕೂ ಉತ್ತರ ಹೊಸ ಬ್ಲೇಡ್.

ಹೈ ಲಿಫ್ಟ್ ಬ್ಲೇಡ್ ಹುಲ್ಲನ್ನು ಎಳೆದು ನಿಲ್ಲಿಸುತ್ತದೆ, ದೂರ ಎಸೆಯುತ್ತದೆ, ಎಂಜಿನ್ನಿನ ಶಕ್ತಿಯನ್ನೂ ಜಾಸ್ತಿ ತಿನ್ನುತ್ತದೆ. ಮರಳು ನೆಲದಲ್ಲಿ ಲೋ ಲಿಫ್ಟ್ ವಾಸಿ. ಹೈ ಲಿಫ್ಟ್ ಮರಳನ್ನು ಎಬ್ಬಿಸಿ ಡೆಕ್ಕಿನ ಒಳಗೋಡೆಯನ್ನೇ ಉಜ್ಜಿ ಸವೆಸುತ್ತದೆ. ಹುಲ್ಲನ್ನು ನುಣ್ಣಗೆ ಕತ್ತರಿಸಿ ಅಲ್ಲೇ ಉದುರಿಸುವ ಮಲ್ಚಿಂಗ್ ಬ್ಲೇಡ್ ವಿಷಯದಲ್ಲಿ ನನ್ನ ಅನುಭವ ಅಷ್ಟು ಒಳ್ಳೆಯದಲ್ಲ. ಹಳೆಯ ಡೆಕ್‌ಗಳ ಆಳ ಕಡಿಮೆ. ಹುಲ್ಲು ಒಳಗೆ ಸುತ್ತಿ ನುಣ್ಣಗಾಗಲು ಜಾಗ ಸಾಲುವುದಿಲ್ಲ.

ಯಾವ ಗಾಡಿ?

ಡೆಕ್ ತಲೆಯಲ್ಲಿಟ್ಟುಕೊಂಡೇ ಈಗ ಗಾಡಿಗೆ ಬರೋಣ. ವ್ಯತ್ಯಾಸ ಮುಖ್ಯವಾಗಿ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ದಾರಿಯಲ್ಲಿದೆ.

ವೀಲ್ ಹಾರ್ಸ್ ನನ್ನ ಮೊದಲ ಶಿಫಾರಸು, ಹೊಸಬರಿಗೆ ಅಂತೂ ಖಂಡಿತ. ಅಮೆರಿಕದ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ತಯಾರಾಗುತ್ತಿತ್ತು. 1986ರಲ್ಲಿ ಟೋರೋ ಕಂಪನಿ ಅದನ್ನು ಕೊಂಡುಕೊಂಡಿತು. ಎಂಜಿನ್‌ನಿಂದ ಹಿಂದಿನ ಗೇರ್‌ಬಾಕ್ಸ್‌ಗೆ ಒಂದೇ ಬೆಲ್ಟ್. ಆ ಬೆಲ್ಟ್ ಬಿಗಿಯಾದರೆ ಗಾಡಿ ಚಲಿಸುತ್ತದೆ, ಸಡಿಲವಾದರೆ ನಿಲ್ಲುತ್ತದೆ. ಬೆಲ್ಟೇ ಕ್ಲಚ್. ಗೇರ್‌ಬಾಕ್ಸ್‌ಗೆ 90 ನಂಬರಿನ ಗೇರ್ ಆಯಿಲ್ ಹಾಕಿ ಮರೆತುಬಿಡಬಹುದು. ಎಂಜಿನ್ ಅಡ್ಡಕ್ಕೆ ಕೂತಿರುವುದರಿಂದ ಡೆಕ್ಕಿನ ಬೆಲ್ಟ್ ಕೂಡ ಕಣ್ಣೆದುರೇ ಇರುತ್ತದೆ.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕಬ್ ಕೆಡೆಟ್ ಇದಕ್ಕಿಂತ ಗಟ್ಟಿ. 1963ರಲ್ಲಿ ಬಂದ 70 ಮತ್ತು 100 ಮಾದರಿಗಳಿಂದ ಮುಂದೆ ಚಕ್ರಕ್ಕೆ ಬೆಲ್ಟೇ ಇಲ್ಲ. ಎಂಜಿನ್‌ನಿಂದ ಹಿಂದಕ್ಕೆ ನೇರ ಶಾಫ್ಟ್, ನಡುವೆ ಕ್ಲಚ್ ಪ್ಲೇಟ್. ಎಳೆಯುವ ಕೆಲಸಕ್ಕೆ ಇದರ ಮುಂದೆ ವೀಲ್ ಹಾರ್ಸ್ ನಿಲ್ಲುವುದಿಲ್ಲ. ಆದರೆ ಕ್ಲಚ್ ಸವೆದರೆ ಶಾಫ್ಟ್ ಬಿಚ್ಚಿ, ತುಕ್ಕು ಹಿಡಿದ ಸುರುಳಿ ಪಿನ್‌ಗಳನ್ನು ಹೊಡೆದು ತೆಗೆದು, ಅರ್ಧ ದಿನ ಕೂರಬೇಕು.

ಜಾನ್ ಡೀರ್ 110 ಬಂದದ್ದು 1963ರಲ್ಲಿ. ಅದರ ಓಡುವಾಗಲೇ ವೇಗ ಬದಲಿಸುವ ವೇರಿಯೇಟರ್ ಬೆಲ್ಟ್ ಏರ್ಪಾಡು ಬಹಳ ಜಾಣತನದ್ದು. ಹುಲ್ಲು ದಟ್ಟವಾದರೆ ಲಿವರ್ ಹಿಂದೆಳೆದು ನಿಧಾನ ಮಾಡಬಹುದು, ಬ್ಲೇಡಿನ ವೇಗ ಕಡಿಮೆಯಾಗುವುದಿಲ್ಲ. ಆದರೆ ಎರಡು ಬೆಲ್ಟ್, ಸವೆದ ಪಿವಟ್‌ಗಳು, ಹೊಂದಿಸುವ ಕೆಲಸ ಜಾಸ್ತಿ. 1968ರ 140ರಲ್ಲಿ ಹೈಡ್ರೋಸ್ಟ್ಯಾಟಿಕ್, ಅಂದರೆ ಎಣ್ಣೆಯ ಒತ್ತಡದಿಂದ ಗಾಡಿ ಓಡಿಸುವ ಏರ್ಪಾಡು, ಬಂತು. ಹುಲ್ಲು ಕತ್ತರಿಸಲು ಹೈಡ್ರೋಸ್ಟ್ಯಾಟಿಕ್‌ನಷ್ಟು ಸುಖ ಇನ್ನೊಂದಿಲ್ಲ. ಎಣ್ಣೆ ಮಾತ್ರ ಕಂಪನಿ ಹೇಳಿದ್ದೇ ಹಾಕಿ. ಒಂದರ ಎಣ್ಣೆ ಇನ್ನೊಂದಕ್ಕೆ ಆಗುವುದಿಲ್ಲ.

ಸಿಂಪ್ಲಿಸಿಟಿ ಗಾಡಿಗಳನ್ನು ಅವುಗಳ ಡೆಕ್‌ಗಾಗಿಯೇ ಕೊಳ್ಳುವವರಿದ್ದಾರೆ. ಹಿಂಬದಿಯಲ್ಲಿ ಡೆಕ್ಕಿನಷ್ಟೇ ಅಗಲದ ರೋಲರ್ ಇರುತ್ತದೆ. ನೆಲದ ಏರಿಳಿತಕ್ಕೆ ಡೆಕ್ ತಾನೇ ಹೊಂದಿಕೊಂಡು ತೇಲುತ್ತದೆ. ಹುಲ್ಲಿನ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುವ ಗುರುತು ಆ ರೋಲರಿನದೇ. ಹಳೆಯದರಲ್ಲಿ ಇಷ್ಟು ಚೆನ್ನಾಗಿ ಕತ್ತರಿಸುವುದು ನಾನು ಬೇರೆ ನೋಡಿಲ್ಲ.

ಕೇಸ್ ಗಾಡಿಗಳಲ್ಲಿ ಚಕ್ರ ತಿರುಗಿಸುವುದು ಹೈಡ್ರಾಲಿಕ್ ಮೋಟಾರ್. ಗ್ರೇವ್ಲಿಯಲ್ಲಿ ಡೆಕ್‌ಗೂ ಶಾಫ್ಟ್. ಎರಡೂ ಒಳ್ಳೆಯವು, ಆದರೆ ಭಾಗಗಳಿಗಾಗಿ ಹುಡುಕಾಟ ಇವೆರಡಕ್ಕೂ ಜಾಸ್ತಿ.

ಎಂಜಿನ್: ಹಳೆಯದನ್ನೇ ಕಟ್ಟುವುದೋ, ಹೊಸದು ಕೂರಿಸುವುದೋ

ಈ ಗಾಡಿಗಳಲ್ಲಿ ಬಹಳಷ್ಟಕ್ಕೆ ಕೋಹ್ಲರ್ ಕೆ ಸರಣಿಯ ಎಂಜಿನ್. ಕೆ241 10 ಎಚ್‌ಪಿ, ಕೆ301 12, ಕೆ321 14, ಕೆ341 16. ಇವನ್ನು ಮತ್ತೆ ಕಟ್ಟುವುದೇ ನನ್ನ ಆಯ್ಕೆ. ಸಿಲಿಂಡರ್ ಕೊರೆಸಿ 10, 20, 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ದೊಡ್ಡ ಪಿಸ್ಟನ್ ಹಾಕಬಹುದು. ಬಿಚ್ಚಿದಾಗ ಒಳಗಿನ ಬ್ಯಾಲೆನ್ಸ್ ಗೇರ್‌ಗಳನ್ನು ನೋಡಿ. ಕಂಪನ ತಗ್ಗಿಸಲು ಇಟ್ಟ ಈ ಗೇರ್‌ಗಳು ಸವೆದು ಮುರಿದರೆ ಎಂಜಿನ್ನಿನ ಹೊಟ್ಟೆಯನ್ನೇ ಒಡೆದು ಹೊರಬರುತ್ತವೆ. ಕಟ್ಟುವವರು ಅನೇಕರು ಅವನ್ನು ತೆಗೆದೇಬಿಡುತ್ತಾರೆ. ನಾನೂ ತೆಗೆಯುತ್ತೇನೆ. ಸ್ವಲ್ಪ ನಡುಕ ಹೆಚ್ಚುತ್ತದೆ, ನೆಮ್ಮದಿಯೂ ಹೆಚ್ಚುತ್ತದೆ. ಇಗ್ನಿಷನ್ ಪಾಯಿಂಟ್‌ಗಳ ನಡುವೆ 20 ಥೌ ಅಂತರ ಇಡಿ. ಇವುಗಳಲ್ಲಿ ಆಯಿಲ್ ಪಂಪ್ ಇಲ್ಲ. ರಾಡಿನ ತುದಿಯ ಸೌಟಿನಂಥ ಭಾಗ ಎಣ್ಣೆಯನ್ನು ಎರಚುತ್ತದೆ. ಹಾಗಾಗಿ ಎಣ್ಣೆಮಟ್ಟ ಕಡಿಮೆ ಇದ್ದಾಗ ಇಳಿಜಾರಿನಲ್ಲಿ ಹುಲ್ಲು ಕತ್ತರಿಸಲು ಹೋಗಬೇಡಿ.

ಎಂಜಿನ್ ಒಡೆದೇ ಹೋಗಿದ್ದರೆ ಎರಡು ಸಿಲಿಂಡರಿನ ಹೊಸ ವಿ-ಟ್ವಿನ್ ಎಂಜಿನ್ ಕೂರಿಸಬಹುದು. ವೀಲ್ ಹಾರ್ಸ್‌ನಲ್ಲಿ ಇದು ಸಲೀಸು, ಯಾಕಂದರೆ ಚಕ್ರದ ಪುಲ್ಲಿ, ಡೆಕ್ಕಿನ ಪುಲ್ಲಿ ಎರಡೂ ಶಾಫ್ಟಿನ ಒಂದೇ ತುದಿಯಲ್ಲಿವೆ. ಕಬ್ ಕೆಡೆಟ್‌ನಲ್ಲಿ ಡೆಕ್ ಮುಂದಿನ ತುದಿಯಿಂದ, ಚಕ್ರ ಫ್ಲೈವೀಲ್ ಬದಿಯಿಂದ. ಅದಕ್ಕೆ ಬೇರೆ ಅಡಾಪ್ಟರ್ ಮಾಡಿಸಬೇಕು, ಅದು ನಡುವಿನಲ್ಲಿ ಸರಿಯಾಗಿ ಕೂರಬೇಕು. ಕೊಳ್ಳುವ ಮುನ್ನ ಶಾಫ್ಟ್ ಅಳೆಯಿರಿ. ಒಂದು ಇಂಚಿನದೋ, ಒಂದೂ ಎಂಟನೇ ಒಂದು ಇಂಚಿನದೋ? ಎಂಜಿನ್ ಶಕ್ತಿಯನ್ನು ಡೆಕ್‌ಗೆ ಕೊಡುವ ಎಲೆಕ್ಟ್ರಿಕ್ ಪಿಟಿಒ ಕ್ಲಚ್ ಇದ್ದರೆ ಚಾರ್ಜಿಂಗ್ ಕೂಡ ನೋಡಿ. ಆ ಕ್ಲಚ್ ಓಡುವಷ್ಟು ಹೊತ್ತೂ 4ರಿಂದ 5 ಆಂಪಿಯರ್ ಎಳೆಯುತ್ತದೆ. 3 ಆಂಪಿಯರ್ ಚಾರ್ಜಿಂಗ್‌ನ ಎಂಜಿನ್ ಹಾಕಿದರೆ ಹುಲ್ಲು ಮುಗಿಯುವ ಮೊದಲೇ ಬ್ಯಾಟರಿ ಮುಗಿಯುತ್ತದೆ. ಲಿವರ್ ಎಳೆಯುವ ಹಳೆಯ ಕ್ಲಚ್‌ಗೆ ಈ ಗೋಳಿಲ್ಲ.

ಒಂದು ಬದಲಾವಣೆ ಮಾತ್ರ ಎಲ್ಲರೂ ಮಾಡಿಸಿಕೊಳ್ಳಿ. ಆ ಕಾಲದ ಬಹಳ ಗಾಡಿಗಳಲ್ಲಿ ಸೀಟಿನ ಅಡಿ ಸ್ವಿಚ್ ಇಲ್ಲ. ನೀವು ಬಿದ್ದರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ಒಂದು ಸೀಟ್ ಸ್ವಿಚ್, ಒಂದು ರಿಲೇ, ಮೂರು ಮೀಟರ್ ವೈರ್. ಅರ್ಧ ದಿನದ ಕೆಲಸ.

ತುಕ್ಕು ಮತ್ತು ಕೊನೆಯ ಅಳತೆ

ಸಣ್ಣ ಕಬ್ಬಿಣದ ಭಾಗಗಳ ತುಕ್ಕು ತೆಗೆಯಲು ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು. ಆ ನೀರಿನಲ್ಲಿ ಮುಳುಗಿಸಿದ ಭಾಗಕ್ಕೆ ನೆಗೆಟಿವ್, ಪಕ್ಕದ ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಬಯಲಿನಲ್ಲೇ ಮಾಡಿ, ಹೈಡ್ರೋಜನ್ ಹೊರಡುತ್ತದೆ. ಗುಜರಿಯಾಗಿ ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ನೀರು ವಿಷವಾಗುತ್ತದೆ. ಅಲ್ಯೂಮಿನಿಯಂ ಸ್ಪಿಂಡಲ್ ಹೌಸಿಂಗ್ ಅದರೊಳಗೆ ಹಾಕಿದರೆ ಕರಗಿ ಹಾಳಾಗುತ್ತದೆ. ಇಡೀ ಡೆಕ್‌ಗೆ ವೈರ್ ಬ್ರಶ್ಶೇ ಗತಿ. ಅಡಿಗೆ ಯಾವ ಬಣ್ಣ ಬಳಿದರೂ ಮರಳಿನ ಹೊಡೆತಕ್ಕೆ ಹೆಚ್ಚು ದಿನ ನಿಲ್ಲುವುದಿಲ್ಲ. ಪ್ರತಿ ಸಲ ಕತ್ತರಿಸಿದ ಮೇಲೆ ಹುಲ್ಲು ಕೆರೆದು ತೆಗೆಯುವುದು ಬಣ್ಣಕ್ಕಿಂತ ಮೇಲು.

ಎಲ್ಲ ಜೋಡಿಸಿ ಆದ ಮೇಲೆ ಟೈರುಗಳ ಗಾಳಿ ಸರಿಮಾಡಿ. ಇದು ಮೊದಲು, ಯಾಕಂದರೆ ಒಂದು ಟೈರ್ ಮೆತ್ತಗಿದ್ದರೆ ಆಮೇಲಿನ ಎಲ್ಲ ಅಳತೆಯೂ ಸುಳ್ಳು. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಪ್ಲಗ್ ವೈರ್ ಕಿತ್ತು, ಬ್ಲೇಡನ್ನು ಅಡ್ಡಕ್ಕೆ ತಿರುಗಿಸಿ ಎರಡೂ ತುದಿ ನೆಲದಿಂದ ಅಳೆಯಿರಿ. ಎಡ ಬಲ ಒಂದೇ ಇರಬೇಕು. ಈಗ ಬ್ಲೇಡನ್ನು ಉದ್ದಕ್ಕೆ ತಿರುಗಿಸಿ. ಮುಂದಿನ ತುದಿ ಹಿಂದಿನದಕ್ಕಿಂತ 3ರಿಂದ 6 ಮಿಲಿಮೀಟರ್ ಕೆಳಗಿರಲಿ. ಹಾಗಿದ್ದರೆ ಬ್ಲೇಡ್ ಹುಲ್ಲನ್ನು ಒಂದೇ ಸಲ ಕತ್ತರಿಸುತ್ತದೆ, ಹಿಂದಿನ ತುದಿ ಮತ್ತೆ ಉಜ್ಜುವುದಿಲ್ಲ. ಡೆಕ್ಕನ್ನು ತೂಗುಹಾಕಿರುವ ಲಿಂಕ್‌ನ ನಟ್ಟನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಅಳೆದು, ಲಾಕ್ ನಟ್ಟು ಬಿಗಿಯಿರಿ. ಆಮೇಲೆ ಥ್ರಾಟಲ್ ಪೂರ್ತಿ ಏರಿಸಿ, ಗಾಡಿಯನ್ನು ಕಡಿಮೆ ಗೇರಿನಲ್ಲಿ ಹುಲ್ಲಿಗೆ ಇಳಿಸಿ.